ಮಾತ್ರೆಯ ಬದಲು ಮಲೆನಾಡು ಸಾಕೇ?

ಪ್ರಶ್ನೆ: ನನಗೆ 36 ವರ್ಷ. ತವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಮದುವೆಯಾದ ಮೇಲೆ ಬೆಂಗಳೂರಿನ ಜಯನಗರದಲ್ಲಿದ್ದೇವೆ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಇಬ್ಬರು ಮಕ್ಕಳು. ಕೆಲವು ತಿಂಗಳಿಂದ ನಿದ್ರೆ ಸರಿಯಿಲ್ಲ. ಕಚೇರಿಯಲ್ಲಿ ಆದ ಒಂದು ಅವಮಾನದ ಯೋಚನೆಯೇ ತಲೆಯಲ್ಲಿ ಸುತ್ತುತ್ತಿರುತ್ತದೆ. ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತೇನೆ. ಮನೋವೈದ್ಯರು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ, ಮೂರು ವಾರವಾಯಿತು. ದೊಡ್ಡಮ್ಮ, ‘ಆ ಮಾತ್ರೆ ಎಲ್ಲ ಬಿಸಾಡು, ಒಂದು ತಿಂಗಳು ತೋಟದ ಮನೆಗೆ ಬಂದು ಇರು, ತಾನಾಗಿಯೇ ಸರಿಹೋಗುತ್ತದೆ’ ಎನ್ನುತ್ತಾರೆ. ನನ್ನ ಯಜಮಾನರು ಪ್ರಕೃತಿ ಚಿಕಿತ್ಸೆ ಎಂಬುದೆಲ್ಲ ಈಗಿನ ಫ್ಯಾಷನ್ ಎಂದು ನಗುತ್ತಾರೆ. ಹೋದ ತಿಂಗಳು ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಹೋಗಿ ಬಂದೆವು. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಸ್ಥಿತಿ. ಗಿಡಮರಗಳ ನಡುವೆ ಇರುವುದರಿಂದ ಮನಸ್ಸಿಗೆ ನಿಜವಾಗಿಯೂ ಒಳ್ಳೆಯದಾಗುತ್ತದೆಯೇ? ಎಷ್ಟು ಹೊತ್ತು ಇರಬೇಕು? ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ಓದಿ ಮುಗಿಸುವ ಮೊದಲೇ ನೀವು ತೀರ್ಥಹಳ್ಳಿ ಬಸ್ಸಿಗೆ ಟಿಕೆಟ್ ಕಾಯ್ದಿರಿಸಿಬಿಟ್ಟರೆ ಕಷ್ಟ. ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಔಷಧಗಳು ಕೆಲಸ ತೋರಿಸಲು ಎರಡರಿಂದ ಆರು ವಾರ ಹಿಡಿಯುತ್ತವೆ. ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಹಾಜರಾಗುತ್ತವೆ. ಹೀಗಾಗಿ ಮೂರನೆಯ ವಾರ ಎಂದರೆ ರೋಗಿಗೆ ‘ಇದರಿಂದ ಏನೂ ಉಪಯೋಗವಿಲ್ಲ’ ಎನ್ನಿಸುವ, ಆದರೆ ನಿಲ್ಲಿಸಲೇಬಾರದ ಘಟ್ಟ. ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ಕೆಟ್ಟ ಕನಸುಗಳು ಶುರುವಾಗಬಹುದು. ಗುಣ ಕಂಡ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಂತರ ವೈದ್ಯರೇ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಈ ವಿಷಯದಲ್ಲಿ ದೊಡ್ಡಮ್ಮನ ಮಾತು ಕೇಳಬೇಡಿ.

ಉಳಿದ ವಿಷಯದಲ್ಲಿ ಅವರ ಮಾತು ಅಷ್ಟೇನೂ ತಪ್ಪಲ್ಲ. ನಿಮ್ಮ ಯಜಮಾನರ ನಗುವಿಗೂ ಕಾರಣವಿಲ್ಲದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮರಗಿಡ ಕಂಡರೆ ಮನಸ್ಸು ತಣ್ಣಗಾಗುತ್ತದೆ ಎಂದು ಹೇಳಲು ಯಾರಿಗೂ ವಿಜ್ಞಾನ ಬೇಕಾಗಿರಲಿಲ್ಲ. ಆದರೆ ಅದನ್ನು ಅಳೆಯಬಹುದು ಎಂದು ತೋರಿಸಿದ್ದು ಸಾಕಷ್ಟು ಈಚೆಗೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ಕಡತಗಳನ್ನು ತೆರೆದು ಕುಳಿತರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕೆಲವರ ಕಿಟಕಿಯ ಹೊರಗೆ ಮರಗಳಿದ್ದವು, ಕೆಲವರ ಕಿಟಕಿಗೆ ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ ಮುಂತಾದವುಗಳಲ್ಲಿ ಹೊಂದುವಂತೆ ಆರಿಸಿದ 23 ಜೋಡಿಗಳನ್ನು ಹೋಲಿಸಿದಾಗ, ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು. ಅವರಿಗೆ ಬೇಕಾದ ಬಲವಾದ ನೋವುನಿವಾರಕವೂ ಕಡಿಮೆ. ಸಣ್ಣ ಅಧ್ಯಯನ ಇದು, ಇದರ ಮೇಲೆ ದೊಡ್ಡ ಕಟ್ಟಡ ಕಟ್ಟಲಾಗದು. ಆದರೆ ಆ ರೋಗಿಗಳು ಕಾಡಿಗೆ ಹೋಗಿರಲಿಲ್ಲ, ಉಸಿರಾಟದ ಅಭ್ಯಾಸ ಮಾಡಿರಲಿಲ್ಲ, ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇದ್ದರು. ಕಿಟಕಿ ಮಾತ್ರ ಬೇರೆ ಬೇರೆ.

ಹಾಗಾದರೆ ಮರಗಳು ಮಾಡುವ ಕೆಲಸವಾದರೂ ಏನು? ಇದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಯದು. ಅವರ ಪ್ರಕಾರ ನಮ್ಮ ಗಮನದಲ್ಲಿ ಎರಡು ಬಗೆ. ಒಂದು, ನಾವೇ ಬಲವಂತವಾಗಿ ಹಿಡಿದಿಡಬೇಕಾದದ್ದು. ಜಿಎಸ್‌ಟಿ ಲೆಕ್ಕ ತಾಳೆ ನೋಡುವಾಗ, ಪಕ್ಕದವರ ಫೋನ್ ಮಾತನ್ನು ಕೇಳಿಸಿಕೊಳ್ಳದೆ ಇರಲು ಹೆಣಗುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸ್ಕೂಟರ್ ತೂರಿಸುವಾಗ ಬಳಸುವುದು ಇದನ್ನೇ. ಬೇಡವಾದದ್ದನ್ನು ಸತತವಾಗಿ ದೂರ ತಳ್ಳುತ್ತಿರಬೇಕಾದ್ದರಿಂದ ಈ ಗಮನ ದಣಿಯುತ್ತದೆ. ದಣಿದಾಗ ಸಿಡುಕು ಬರುತ್ತದೆ, ಸಣ್ಣ ನಿರ್ಧಾರವೂ ಭಾರವಾಗುತ್ತದೆ, ತಪ್ಪುಗಳಾಗುತ್ತವೆ. ಮಕ್ಕಳ ಮೇಲೆ ರೇಗುವ ನಿಮ್ಮ ಸಂಜೆಗಳಲ್ಲಿ ಖಿನ್ನತೆಯ ಜೊತೆಗೆ ಈ ದಣಿವಿನ ಪಾಲೂ ಇದೆ ಎಂದು ನನ್ನ ಊಹೆ.

ಇನ್ನೊಂದು ಬಗೆಯ ಗಮನ ತಾನಾಗಿಯೇ ಹೋಗುವಂಥದ್ದು. ಗಾಳಿಗೆ ಅಲುಗುವ ಎಲೆ, ಕೆರೆಯ ಮೇಲಿನ ಸಣ್ಣ ಅಲೆ, ಕೊಂಬೆಯಿಂದ ಕೊಂಬೆಗೆ ಹಾರುವ ಅಳಿಲು. ಇವನ್ನು ನೋಡಲು ಶ್ರಮವಿಲ್ಲ, ನೋಡದಿದ್ದರೆ ನಷ್ಟವೂ ಇಲ್ಲ. ಮೊದಲನೆಯ ಬಗೆಯ ಗಮನ ಆ ಹೊತ್ತಿನಲ್ಲಿ ಸುಮ್ಮನೆ ಬಿದ್ದುಕೊಂಡು ಚೇತರಿಸಿಕೊಳ್ಳುತ್ತದೆ. ಮೊಬೈಲಿನ ರೀಲ್ಸ್ ಕೂಡ ಗಮನವನ್ನು ತಾನಾಗಿಯೇ ಸೆಳೆಯುತ್ತದಲ್ಲ ಎಂದು ನೀವು ಕೇಳಬಹುದು. ಸೆಳೆಯುತ್ತದೆ, ಆದರೆ ಪೂರ್ತಿಯಾಗಿ ಕಸಿದುಕೊಳ್ಳುತ್ತದೆ. ಮರ ಹಾಗೆ ಮಾಡುವುದಿಲ್ಲ. ಅದನ್ನು ನೋಡುತ್ತಿರುವಾಗಲೂ ಮನಸ್ಸಿನ ಒಂದು ಭಾಗ ಖಾಲಿ ಉಳಿಯುತ್ತದೆ, ಅಲ್ಲಿ ನಿಮ್ಮದೇ ಯೋಚನೆಗಳು ಅವಸರವಿಲ್ಲದೆ ಓಡಾಡಬಹುದು.

ಇದೇ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮಗೆ ನೇರವಾಗಿ ಸಂಬಂಧಿಸಿದೆ. ಕೆಲವರನ್ನು ಸಸ್ಯೋದ್ಯಾನದಲ್ಲಿ, ಕೆಲವರನ್ನು ಪೇಟೆಯ ಬೀದಿಯಲ್ಲಿ ಸುಮಾರು 50 ನಿಮಿಷ ನಡೆಸಿದರು. ನಡಿಗೆಗೆ ಮುಂಚೆ ಮತ್ತು ನಂತರ, ಅಂಕಿಗಳ ಸಾಲನ್ನು ಕೇಳಿ ಹಿಂದುಮುಂದಾಗಿ ಹೇಳುವ ಪರೀಕ್ಷೆ. ಉದ್ಯಾನದಲ್ಲಿ ನಡೆದು ಬಂದವರು ಸ್ಪಷ್ಟವಾಗಿ ಸುಧಾರಿಸಿದರು, ಬೀದಿಯಲ್ಲಿ ನಡೆದವರಲ್ಲಿ ಅಂಥ ಸುಧಾರಣೆ ಇರಲಿಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ನಡೆದವರು ‘ಚೂರೂ ಖುಷಿಯಾಗಲಿಲ್ಲ’ ಎಂದರೂ ಅವರ ಸುಧಾರಣೆ ಬೇಸಿಗೆಯಲ್ಲಿ ಸಂತೋಷವಾಗಿ ನಡೆದವರಷ್ಟೇ ಇತ್ತು. ಖಿನ್ನತೆಯಲ್ಲಿ ಇರುವವರಿಗೆ ಇದು ಬಹಳ ಮುಖ್ಯ. ಯಾವುದರಲ್ಲೂ ಸಂತೋಷ ಸಿಗದಿರುವುದೇ ನಿಮ್ಮ ಕಾಯಿಲೆಯ ಲಕ್ಷಣ. ಲಾಲ್‌ಬಾಗಿಗೆ ಹೋಗಿ ‘ಏನೂ ಅನ್ನಿಸಲಿಲ್ಲ’ ಎಂದು ನೀವು ವಾಪಸ್ ಬಂದರೆ ಆ ಹೊತ್ತು ವ್ಯರ್ಥವಾಯಿತೆಂದು ತಿಳಿಯಬೇಡಿ. ಅನ್ನಿಸುವುದು ಬಹಳ ತಡವಾಗಿ ಬರುತ್ತದೆ.

2012ರಲ್ಲಿ ಇದೇ ತಂಡ ಖಿನ್ನತೆ ಇರುವ 20 ಜನರ ಮೇಲೆ ಪ್ರಯೋಗವನ್ನು ಮತ್ತೆ ಮಾಡಿತು. ಈ ಸಲ ನಡಿಗೆಗೆ ಮುಂಚೆ, ಇನ್ನೂ ಬಗೆಹರಿಯದ ಒಂದು ನೋವಿನ ಘಟನೆಯನ್ನು ನೆನೆಸಿಕೊಳ್ಳುವಂತೆ ಹೇಳಿದರು. ಕೇಳಲು ಕ್ರೂರವೆನಿಸುತ್ತದೆ. ಆದರೆ ಅವರಿಗೆ ಒಂದು ಅಳುಕಿತ್ತು: ಖಿನ್ನತೆ ಇರುವವರನ್ನು ಒಂಟಿಯಾಗಿ ಮರಗಳ ನಡುವೆ ಕಳಿಸಿದರೆ ಅದೇ ನೋವನ್ನು ಇನ್ನಷ್ಟು ಕೆದಕಿಕೊಳ್ಳುವುದಿಲ್ಲವೇ? ಹಾಗೇನೂ ಆಗಲಿಲ್ಲ. ನೆನಪಿನ ಶಕ್ತಿಯೂ ಮನಃಸ್ಥಿತಿಯೂ ಬೀದಿಯ ನಡಿಗೆಗಿಂತ ಉದ್ಯಾನದ ನಡಿಗೆಯ ನಂತರ ಚೆನ್ನಾಗಿದ್ದವು.

ಕಚೇರಿಯ ಅವಮಾನ ತಲೆಯಲ್ಲಿ ಸುತ್ತುತ್ತಿರುತ್ತದೆ ಎಂದು ಬರೆದಿದ್ದೀರಿ. ಗಾಣದ ಎತ್ತು ಎಷ್ಟು ನಡೆದರೂ ಊರು ತಲುಪುವುದಿಲ್ಲ, ಈ ಬಗೆಯ ಯೋಚನೆಯೂ ಹಾಗೆಯೇ. ಪರಿಹಾರ ಹುಡುಕುತ್ತಿದ್ದೇವೆ ಎಂಬ ಭ್ರಮೆ ಕೊಡುತ್ತದೆ, ಪರಿಹಾರ ಕೊಡುವುದಿಲ್ಲ. ‘ಅದನ್ನೇ ಯೋಚಿಸಬೇಡ’ ಎಂದು ಸುತ್ತಲಿನವರು ಹೇಳುವ ಬುದ್ಧಿವಾದದಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. 2015ರಲ್ಲಿ ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 38 ಜನರನ್ನು 90 ನಿಮಿಷದ ನಡಿಗೆಗೆ ಕಳಿಸಿದರು. ಅರ್ಧ ಜನ ಮರಗಳಿರುವ ಹುಲ್ಲುಗಾವಲಿನಲ್ಲಿ, ಅರ್ಧ ಜನ ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿ. ಹುಲ್ಲುಗಾವಲಿನಲ್ಲಿ ನಡೆದವರಲ್ಲಿ ಈ ಕೊರಗು ಸ್ವಲ್ಪ ಇಳಿದಿತ್ತು, ಕೊರಗಿನ ವೇಳೆ ಚುರುಕಾಗುವ ಮಿದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆಯೂ ತಗ್ಗಿತ್ತು. ಭಾಗವಹಿಸಿದವರು ರೋಗಿಗಳಲ್ಲ, ಆರೋಗ್ಯವಂತರು ಎಂಬುದನ್ನು ಮರೆಯಬಾರದು.

2022ರಲ್ಲಿ ಬರ್ಲಿನ್ನಿನಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗವಾಯಿತು: 63 ಜನ, ಒಂದು ಗಂಟೆಯ ನಡಿಗೆ, ಕಾಡು ಅಥವಾ ಅಂಗಡಿಗಳ ಬೀದಿ. ಭಯ ಮತ್ತು ಒತ್ತಡಕ್ಕೆ ಪ್ರತಿಕ್ರಿಯಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಕಾಡಿನ ನಡಿಗೆಯ ನಂತರ ಶಾಂತವಾಗಿತ್ತು. ಬೀದಿಯ ನಡಿಗೆಯಿಂದ ಅದು ಹೆಚ್ಚು ಕೆರಳಿರಲೂ ಇಲ್ಲ, ಮೊದಲಿದ್ದ ಹಾಗೆಯೇ ಇತ್ತು. ಊರಿನ ನೆನಪಾದಾಗಲೆಲ್ಲ ಬೆಂಗಳೂರನ್ನು ಶಪಿಸುವ ನಮ್ಮಂಥವರು ಇದನ್ನು ಗಮನಿಸಬೇಕು.

ಇನ್ನು ನಿದ್ರೆಯ ವಿಚಾರ. ಇಲ್ಲಿ ಹಸಿರಿಗಿಂತ ಬೆಳಕಿನ ಪಾತ್ರ ದೊಡ್ಡದು. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಾಗಿ ಅಲ್ಲದೆ, ಈಗ ಹಗಲೋ ಇರುಳೋ ಎಂದು ಮಿದುಳಿಗೆ ತಿಳಿಸುವುದಕ್ಕಾಗಿಯೇ ಇರುವ ಜೀವಕೋಶಗಳಿವೆ. ಅವುಗಳಿಗೆ ಸಾಕಷ್ಟು ಬೆಳಕು ಬೇಕು. ಒಳ್ಳೆಯ ದೀಪಗಳಿರುವ ಕಚೇರಿಯಲ್ಲಿ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದರೆ ಹೆಚ್ಚು. ಮೋಡ ಮುಸುಕಿದ ದಿನವೂ ಹೊರಗೆ ಹತ್ತು ಸಾವಿರ ಲಕ್ಸ್ ಆಸುಪಾಸು ಇರುತ್ತದೆ, ಬಿರುಬಿಸಿಲಿನಲ್ಲಿ ಅದು ಒಂದು ಲಕ್ಷ ಮುಟ್ಟುತ್ತದೆ. ನಮ್ಮ ಕಣ್ಣು ಎರಡಕ್ಕೂ ಬೇಗ ಹೊಂದಿಕೊಳ್ಳುವುದರಿಂದ ಈ ಅಗಾಧ ಅಂತರ ಅರಿವಿಗೇ ಬರುವುದಿಲ್ಲ. ನೀವು ಬೆಳಿಗ್ಗೆ ಅಡುಗೆಮನೆಯಿಂದ ನೆಲಮಾಳಿಗೆಯ ಪಾರ್ಕಿಂಗಿಗೆ, ಅಲ್ಲಿಂದ ಕಾರಿನಲ್ಲಿ ಕಚೇರಿಗೆ, ರಾತ್ರಿ ಟ್ಯೂಬ್‌ಲೈಟ್ ಮತ್ತು ಮೊಬೈಲಿಗೆ ಬರುತ್ತಿದ್ದರೆ, ನಿಮ್ಮ ದೇಹದ ಗಡಿಯಾರಕ್ಕೆ ಹಗಲು ಯಾವಾಗ ಶುರುವಾಯಿತು ಎಂದೇ ತಿಳಿದಿಲ್ಲ. 2013ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎಂಟು ಜನರನ್ನು ಒಂದು ವಾರ ಗುಡಾರಗಳಲ್ಲಿ ಇರಿಸಿದರು. ಬಿಸಿಲು ಮತ್ತು ರಾತ್ರಿಯ ಬೆಂಕಿ ಬಿಟ್ಟು ಬೇರೆ ಬೆಳಕಿಲ್ಲ, ಟಾರ್ಚ್ ಕೂಡ ಇಲ್ಲ. ವಾರದ ಕೊನೆಗೆ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಸರಿದಿತ್ತು, ಕತ್ತಲಾದೊಡನೆ ದೇಹ ನಿದ್ರೆಗೆ ತಯಾರಾಗುತ್ತಿತ್ತು. ನಿಮಗೆ ಗುಡಾರ ಬೇಡ, ಬೆಳಗಿನ ಬೆಳಕು ಬೇಕು. ಸಂಜೆಯ ನಡಿಗೆಗೂ ಬೆಳಗಿನ ನಡಿಗೆಗೂ ನಿದ್ರೆಯ ಮಟ್ಟಿಗೆ ಇರುವ ವ್ಯತ್ಯಾಸ ಇದೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಉದ್ಯಾನಕ್ಕೆ ಹೋದವರು ನಡೆಯುತ್ತಾರೆ, ಬೆಳಕಿಗೆ ಬರುತ್ತಾರೆ, ಮೇಜಿನಿಂದ ದೂರವಾಗುತ್ತಾರೆ, ನಾಲ್ಕು ಮುಖ ನೋಡುತ್ತಾರೆ. ಇದರಲ್ಲಿ ಮರದ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ತೂಕ ಹಾಕುವುದು ಸಂಶೋಧಕರ ತಲೆನೋವು. ಚಿಕಿತ್ಸೆ ಕೊಡುವವನಾದ ನನಗೆ ಇವೆಲ್ಲ ಒಟ್ಟಿಗೆ, ಖರ್ಚಿಲ್ಲದೆ ಸಿಗುತ್ತವೆ ಎಂಬುದಷ್ಟೇ ಸಾಕು.

ಎಷ್ಟು ಹೊತ್ತು ಎಂದು ಕೇಳಿದ್ದೀರಿ. ಈ ಬಗ್ಗೆ ಹೆಚ್ಚು ಉಲ್ಲೇಖವಾಗುವ ಸಂಖ್ಯೆ ವಾರಕ್ಕೆ 120 ನಿಮಿಷ. ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಇದು. ವಾರಕ್ಕೆ ಎರಡು ಗಂಟೆಯಾದರೂ ಹಸಿರಿನ ನಡುವೆ ಕಳೆದವರು, ಹೋಗದೇ ಇದ್ದವರಿಗಿಂತ ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಅದಕ್ಕಿಂತ ಕಡಿಮೆ ಕಳೆದವರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಒಂದೇ ಸಲ ಎರಡು ಗಂಟೆಯಾಗಲಿ, ಹರಿದು ಹಂಚಿಕೊಂಡು ಎರಡು ಗಂಟೆಯಾಗಲಿ, ಅದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ಇದು ಸಮೀಕ್ಷೆ, ಪ್ರಯೋಗವಲ್ಲ. ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದು ತಿರುಗಿಸಿಯೂ ಹೇಳಬಹುದು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ನಗರವಾಸಿಗಳ ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಅಳೆದು ನೋಡಿತ್ತು. 20ರಿಂದ 30 ನಿಮಿಷ ಹಸಿರಿನ ನಡುವೆ ಇದ್ದಾಗ ಅದು ಅತ್ಯಂತ ವೇಗವಾಗಿ ಇಳಿಯಿತು, ನಂತರ ಇಳಿಕೆ ನಿಧಾನವಾಯಿತು. ಎರಡನ್ನೂ ಸೇರಿಸಿ ನಾನು ನನ್ನ ಬಳಿ ಬರುವವರಿಗೆ ಹೇಳುವುದು: ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ. ನಿಖರ ಪ್ರಮಾಣವೆಂದು ಇದನ್ನು ನಂಬಿ ಕೂರಬೇಡಿ. ಹದಿನೈದು ನಿಮಿಷವಾದ ದಿನ ಹದಿನೈದೇ ಸಾಕು.

ಚಿಕ್ಕಮಗಳೂರು ಯಾಕೆ ಕೆಲಸ ಮಾಡಲಿಲ್ಲ ಎಂಬುದು ಈಗ ನಿಮಗೇ ಹೊಳೆದಿರಬಹುದು. ವಾರಾಂತ್ಯದ ಪ್ರವಾಸ ಎಂದರೆ ಅದೊಂದು ಯೋಜನೆ. ಹೋಮ್‌ಸ್ಟೇ ಹುಡುಕಬೇಕು, ಮುಂಗಡ ಕಟ್ಟಬೇಕು, ಮಕ್ಕಳ ಬಟ್ಟೆ ಜೋಡಿಸಬೇಕು, ತಿರುವುಗಳಲ್ಲಿ ವಾಂತಿ ಒರೆಸಬೇಕು, ಮುಳ್ಳಯ್ಯನಗಿರಿಯಲ್ಲಿ ವಾಹನಗಳ ಸಾಲಿನಲ್ಲಿ ಕಾಯಬೇಕು, ಎಲ್ಲರೂ ನಗುವ ಫೋಟೊ ಬರುವವರೆಗೆ ನಿಲ್ಲಬೇಕು. ಭಾನುವಾರ ಸಂಜೆ ನೆಲಮಂಗಲದಿಂದ ಈಚೆಗೆ ತೆವಳುವ ಹೊತ್ತಿಗೆ ಬೆಟ್ಟದಲ್ಲಿ ಗಳಿಸಿದ್ದೆಲ್ಲ ಖರ್ಚಾಗಿರುತ್ತದೆ. ಇದರ ಎಲ್ಲ ಹೊರೆ ಮನೆಯ ಹೆಂಗಸಿನ ತಲೆಯ ಮೇಲೇ ಬೀಳುವುದು ವಾಡಿಕೆ ಬೇರೆ. ಪ್ರವಾಸ ಮಾಡಬೇಡಿ ಎನ್ನುತ್ತಿಲ್ಲ. ಅದನ್ನು ಔಷಧವೆಂದು ಎಣಿಸಬೇಡಿ.

ದೊಡ್ಡಮ್ಮನ ತೋಟದ ಬಗ್ಗೆ ನನಗೆ ಇರುವ ಅನುಮಾನ ಇನ್ನೂ ದೊಡ್ಡದು. ಹಸಿರಿನಲ್ಲೇ ಮುಳುಗಿರುವವರಿಗೆ ಖಿನ್ನತೆ ಬರುವುದಿಲ್ಲ ಎನ್ನುವುದಾದರೆ ನಮ್ಮ ಮಲೆನಾಡಿನಲ್ಲಿ ಮನೋವೈದ್ಯರಿಗೆ ಕೆಲಸವೇ ಇರುತ್ತಿರಲಿಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಹಾನಗರಗಳಲ್ಲಿ ಸಮಸ್ಯೆ ಹೆಚ್ಚು ಎಂದು ಕಂಡುಕೊಂಡಿತು ನಿಜ, ಹಳ್ಳಿಗಳು ಮುಕ್ತವಾಗಿವೆ ಎಂದು ಹೇಳಲಿಲ್ಲ. ಪ್ರವಾಸಿಗೆ ಅಡಿಕೆ ತೋಟ ಎಂದರೆ ತಂಪು, ನೆರಳು. ತೋಟದ ಯಜಮಾನನಿಗೆ ಅದೇ ತೋಟ ಎಲೆಚುಕ್ಕಿ ರೋಗ, ಕೊಳೆರೋಗಕ್ಕೆ ಹೊಡೆಯಬೇಕಾದ ಬೋರ್ಡೊ ದ್ರಾವಣ, ಕೊನೆ ಕೊಯ್ಯಲು ಸಿಗದ ಆಳು, ಸೊಸೈಟಿಯ ಸಾಲ. ಅವನು ಮರವನ್ನು ನೋಡುವಾಗ ಗಮನಕ್ಕೆ ವಿಶ್ರಾಂತಿ ಇಲ್ಲ, ಲೆಕ್ಕಾಚಾರ ಇದೆ. ಜೊತೆಗೆ ಕೀಟನಾಶಕದ ಡಬ್ಬಿ ಕೈಗೆ ಸಿಗುವಂತಿರುತ್ತದೆ, ಕೃಷಿಕ ಕುಟುಂಬಗಳಲ್ಲಿ ಖಿನ್ನತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ಅದೊಂದೇ ಕಾರಣ ಸಾಕು.

ನಿಮಗೂ ಅದು ಬರೀ ಹಸಿರಲ್ಲ, ತವರು. ಅಲ್ಲಿ ‘ಯಾಕೆ ಒಬ್ಬಳೇ ಬಂದಿದ್ದೀಯ’ ಎಂಬ ಪ್ರಶ್ನೆ ಇರುತ್ತದೆ, ಸಮಾಧಾನ ಮಾಡಲು ಬರುವ ನೆಂಟರು ಇರುತ್ತಾರೆ, ಮಕ್ಕಳನ್ನು ಬಿಟ್ಟು ಬಂದ ಕಳವಳ ಇರುತ್ತದೆ. ಮಳೆಗಾಲವಾದರೆ ಇನ್ನೊಂದು ತೊಡಕು. ನಿಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ವಾರಗಟ್ಟಲೆ ಬಿಸಿಲು ಕಾಣದೆ, ಇಂಬಳಕ್ಕೆ ಹೆದರಿ ಜಗಲಿ ಇಳಿಯದೆ ಕುಳಿತರೆ ಮನಸ್ಸು ಏಳುವುದಿಲ್ಲ. ಆದರೂ ಊರಿಗೆ ಹೋಗುವ ಆಸೆ ನಿಮ್ಮದೇ ಆಗಿದ್ದರೆ ರಜೆಯಲ್ಲಿ ಹತ್ತು ದಿನ ಧಾರಾಳವಾಗಿ ಹೋಗಿ. ಮಾತ್ರೆಯ ಪಟ್ಟಿ ಚೀಲದಲ್ಲಿರಲಿ. ವೈದ್ಯರ ಮುಂದಿನ ಭೇಟಿ ತಪ್ಪದಿರಲಿ.

ಬೆಂಗಳೂರಿನಲ್ಲೇ ಏನು ಮಾಡಬಹುದು ಎಂಬುದಕ್ಕೆ ಬರೋಣ. ನೀವು ಜಯನಗರದಲ್ಲಿ ಇರುವುದು ಅದೃಷ್ಟ. ಈ ಊರಿನ ಎಲ್ಲ ಬಡಾವಣೆಗಳಿಗೂ ಅಂಥ ಸಾಲುಮರಗಳಿಲ್ಲ, ಅದೂ ಒಂದು ಅನ್ಯಾಯವೇ. ಲಾಲ್‌ಬಾಗ್ ನಿಮಗೆ ಹತ್ತಿರ: 240 ಎಕರೆ, ಹೈದರಾಲಿಯ ಕಾಲದಿಂದ ಬೆಳೆದು ಬಂದ ತೋಟ, ನಡುವೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಆ ಬಂಡೆಯ ಮೇಲೆ ಕುಳಿತು ಕಚೇರಿಯ ಮ್ಯಾನೇಜರ್ ಆಡಿದ ಮಾತನ್ನು ನೆನೆಸಿಕೊಂಡರೆ ಅದು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ ಎಂದು ಕೆಲವರು ನನಗೆ ಹೇಳಿದ್ದುಂಟು. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಆದರೆ ದಿನವೂ ಲಾಲ್‌ಬಾಗಿಗೆ ಹೋಗಿ ಬರುವುದು ಸಾಧ್ಯವಾಗದ ಮಾತು, ಸಾಧ್ಯವಾಗದ್ದನ್ನು ನಿಗದಿ ಮಾಡಿಕೊಂಡರೆ ಮೂರನೆಯ ದಿನ ತಪ್ಪುತ್ತದೆ, ನಾಲ್ಕನೆಯ ದಿನ ‘ನನ್ನಿಂದ ಇದೂ ಆಗಲಿಲ್ಲ’ ಎಂಬ ಕೊರಗು ಸೇರಿಕೊಳ್ಳುತ್ತದೆ. ಮನೆಯಿಂದ ಐದು ನಿಮಿಷದ ದೂರದಲ್ಲಿರುವ ಚಿಕ್ಕ ಉದ್ಯಾನ ಅಥವಾ ಮರಗಳಿರುವ ಅಡ್ಡರಸ್ತೆಯನ್ನು ಆರಿಸಿಕೊಳ್ಳಿ.

ಮನಸ್ಸು ಬಂದಾಗ ಹೋಗೋಣ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ, ಕಾಲು ಮೊದಲು ಹೋಗಬೇಕು. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಇದನ್ನು ಗಂಟು ಹಾಕಿ. ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿದ ಮೇಲೆ ಮನೆಗೆ ವಾಪಸ್ಸಾಗದೆ ಹಾಗೆಯೇ ಆ ಕಡೆ ತಿರುಗಿಬಿಡಿ. ಮನೆಯೊಳಗೆ ಕಾಲಿಟ್ಟಿರೋ, ಸಿಂಕಿನಲ್ಲಿನ ಪಾತ್ರೆಗಳು ನಿಮ್ಮನ್ನು ಬಿಡುವುದಿಲ್ಲ.

ಹೋದ ಮೇಲೆ ಹೆಜ್ಜೆ ಎಣಿಸಬೇಡಿ. ಉದ್ಯಾನದ ಸುತ್ತು ಎಂಬ ಸಿಮೆಂಟ್ ಪಥದಲ್ಲಿ ಕೈಗಡಿಯಾರ ನೋಡಿಕೊಂಡು, ಕಿವಿಯಲ್ಲಿ ಕಚೇರಿಯ ಮೀಟಿಂಗ್ ಇಟ್ಟುಕೊಂಡು ಸುತ್ತುವವರನ್ನು ನೀವೂ ನೋಡಿರುತ್ತೀರಿ. ಹೃದಯಕ್ಕೆ ಅದು ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಹತ್ತು ಸಾವಿರ ಹೆಜ್ಜೆಯ ಗುರಿ ಮತ್ತೊಂದು ಲೆಕ್ಕಪತ್ರ, ನಿಮಗೆ ಬೇಕಾದ ವಿಶ್ರಾಂತಿ ಅದರಿಂದ ಬರುವುದಿಲ್ಲ. ಮೊಬೈಲ್ ಸದ್ದಡಗಿಸಿ ಚೀಲದಲ್ಲಿಡಿ. ಒಂದು ಮರವನ್ನು ನಿಮ್ಮದೆಂದು ಇಟ್ಟುಕೊಳ್ಳಿ, ಹೊಂಗೆಯಾದರೆ ಒಳ್ಳೆಯದು. ಯುಗಾದಿಗೆ ಸ್ವಲ್ಪ ಮುಂಚೆ ಅದರ ಎಲೆ ಉದುರಿ, ಹೊಳೆಯುವ ತಿಳಿಹಸಿರು ಚಿಗುರು ಬರುತ್ತದೆ, ಆಮೇಲೆ ನೆಲದ ತುಂಬ ಹೂವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗೆಲ್ ವರ್ಷದ ಯಾವ ತಿಂಗಳಲ್ಲೂ ಈ ಊರಿನ ಯಾವುದಾದರೊಂದು ಬೀದಿಯ ಮರ ಹೂ ಬಿಟ್ಟಿರಬೇಕು ಎಂದು ಆಲೋಚಿಸಿ ಮರಗಳನ್ನು ಆರಿಸಿದ್ದರು. ನಾವು ಅವುಗಳ ಕೆಳಗೆ ಕ್ಯಾಬ್ ಎಲ್ಲಿಗೆ ಬಂತು ಎಂದು ಮೊಬೈಲ್ ನೋಡುತ್ತಾ ನಿಲ್ಲುತ್ತೇವೆ.

ಮರ ನೋಡುವುದು ಬೇಸರವೆನಿಸಿದರೆ ಕಿವಿ ಕೊಡಿ. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಬೆಳಗಿನ ಹೊತ್ತು ಪಿಕಳಾರ, ಮಡಿವಾಳ, ಗಿಳಿ, ಕುಟ್ರು ಹಕ್ಕಿಗಳಲ್ಲಿ ಒಂದೆರಡಾದರೂ ಕೇಳುತ್ತವೆ. 2022ರಲ್ಲಿ ಜರ್ಮನಿಯಲ್ಲಿ ಕೆಲವರಿಗೆ ಆರು ನಿಮಿಷ ಹಕ್ಕಿಗಳ ದನಿಯನ್ನೂ ಕೆಲವರಿಗೆ ಆರು ನಿಮಿಷ ವಾಹನಗಳ ಸದ್ದನ್ನೂ ಧ್ವನಿಮುದ್ರಣದಲ್ಲಿ ಕೇಳಿಸಿದರು. ಹಕ್ಕಿಯ ದನಿ ಕೇಳಿದವರಲ್ಲಿ ಆತಂಕ ಇಳಿಯಿತು, ವಾಹನದ ಸದ್ದು ಕೇಳಿದವರಲ್ಲಿ ಕುಗ್ಗಿದ ಭಾವ ಹೆಚ್ಚಾಯಿತು. ಧ್ವನಿಮುದ್ರಣಕ್ಕೇ ಇಷ್ಟು ಶಕ್ತಿ ಇರುವುದಾದರೆ ಮನೆ ಬಿಟ್ಟು ಹೊರಬರಲಾಗದ ದಿನ ಬಾಲ್ಕನಿಯೂ ಆದೀತು. ನಾಲ್ಕು ಕುಂಡ, ಒಂದು ತುಳಸಿ, ಒಂದು ದೊಡ್ಡಪತ್ರೆ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ.

ಹೆಣ್ಣುಮಕ್ಕಳಿಗೆ ನಾನು ತಪ್ಪದೆ ಹೇಳುವ ಇನ್ನೊಂದು ಮಾತಿದೆ. ಭಯ ಇರುವಲ್ಲಿ ಈ ಯಾವ ಲಾಭವೂ ಸಿಗುವುದಿಲ್ಲ. ಹಿಂದೆ ಯಾರು ಬರುತ್ತಿದ್ದಾರೆ ಎಂದು ಮೂರು ಸಲ ತಿರುಗಿ ನೋಡುವ ನಡಿಗೆಯಲ್ಲಿ ಗಮನಕ್ಕೆ ವಿಶ್ರಾಂತಿ ಎಲ್ಲಿಂದ ಬರಬೇಕು? ನಿರ್ಜನ ಕಾಡಿನ ತುಣುಕಿಗಿಂತ ನಾಲ್ಕು ಜನ ಓಡಾಡುವ ಸಾಧಾರಣ ಉದ್ಯಾನ ಮೇಲು. ಬೀದಿನಾಯಿಗಳ ಹಿಂಡಿರುವ ರಸ್ತೆ ಬೇಡ. ಕೆರೆಯ ದಂಡೆ ಎಂದು ಹೋಗಿ ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುವುದೂ ಬೇಡ, ನಮ್ಮ ಊರಿನ ಎಷ್ಟೋ ಕೆರೆಗಳ ಸ್ಥಿತಿ ನಿಮಗೆ ಗೊತ್ತೇ ಇದೆ.

ಯಜಮಾನರ ನಗುವಿನ ವಿಷಯ. ‘ಅರಣ್ಯ ಸ್ನಾನ’ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಪ್ಯಾಕೇಜ್ ಮಾರುವುದನ್ನು ನೋಡಿ ಅವರು ನಕ್ಕಿದ್ದರೆ ನಾನೂ ಜೊತೆಗೆ ನಗುತ್ತೇನೆ. ಆ ಹೆಸರನ್ನು 1982ರಲ್ಲಿ ಮುಂದಿಟ್ಟದ್ದೇ ಜಪಾನಿನ ಅರಣ್ಯ ಇಲಾಖೆ, ಜನ ತನ್ನ ಕಾಡುಗಳ ಕಡೆ ಬರಲಿ ಎಂದು. ಸಂಶೋಧನೆ ಆಮೇಲೆ ಬಂತು. ಆದರೆ ಪ್ಯಾಕೇಜ್ ಸುಳ್ಳಾದರೆ ಮರವೂ ಸುಳ್ಳಾಗಬೇಕಿಲ್ಲ. ಭಾನುವಾರ ಅವರನ್ನೂ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಡೆನ್ಮಾರ್ಕಿನ 2019ರ ಅಧ್ಯಯನವೊಂದು, ಹಸಿರು ಕಡಿಮೆ ಇರುವಲ್ಲಿ ಬಾಲ್ಯ ಕಳೆದವರಿಗೆ ಮುಂದೆ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚು ಎಂದು ತೋರಿಸಿದೆ. ಕುಟುಂಬದ ಆದಾಯದಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಹಾಗಾಗಿ ಮಕ್ಕಳಿಗೂ ಮಣ್ಣು ಮೆತ್ತಿಕೊಳ್ಳಲು ಬಿಡಿ. ವಾರದ ದಿನಗಳ ಆ 25 ನಿಮಿಷ ಮಾತ್ರ ನಿಮ್ಮೊಬ್ಬರದೇ ಆಗಿರಲಿ. ಜೊತೆಯಲ್ಲಿ ನಡೆಯುವವರು ಮನೆ ಸಾಲದ ಕಂತಿನ ಮಾತು ತೆಗೆದರೆ ಹೊಂಗೆಯ ಮರ ಏನೂ ಮಾಡಲಾರದು.

ಇನ್ನು ಮುಖ್ಯವಾದ ಎಚ್ಚರಿಕೆ. ಬದುಕಿ ಪ್ರಯೋಜನವಿಲ್ಲ ಎಂಬ ಯೋಚನೆ, ಸಾಯುವ ಯೋಚನೆ, ದಿನಗಟ್ಟಲೆ ಊಟ ಸೇರದಿರುವುದು, ಹಾಸಿಗೆಯಿಂದ ಏಳಲೂ ಆಗದಿರುವುದು, ಇಲ್ಲದ ದನಿಗಳು ಕೇಳಿಸುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಉದ್ಯಾನದ ಮಾತು ಬದಿಗಿಟ್ಟು ಆ ದಿನವೇ ವೈದ್ಯರನ್ನು ಕಾಣಬೇಕು. ರಾತ್ರಿಯಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಯಜಮಾನರ ಮೊಬೈಲಿನಲ್ಲೂ ಉಳಿಸಿಡಿ.

ನಿಮ್ಮ ವೈದ್ಯರ ಮುಂದಿನ ಭೇಟಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ರಾತ್ರಿ ಎಷ್ಟು ಗಂಟೆಗೆ ನಿದ್ರೆ ಬಂತು, ಎಷ್ಟಕ್ಕೆ ಎಚ್ಚರವಾಯಿತು, ಯಾವ ದಿನಗಳಲ್ಲಿ ಬೆಳಿಗ್ಗೆ ಹೊರಗೆ ಹೋಗಿದ್ದಿರಿ, ಮಾತ್ರೆಯಿಂದ ಏನಾದರೂ ತೊಂದರೆಯಾಯಿತೇ. ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿರುವ ಬಗ್ಗೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕೊರತೆಯೂ ರಕ್ತಹೀನತೆಯೂ ಸಾಮಾನ್ಯ. ಎರಡೂ ಸುಸ್ತು, ಬೇಸರ, ಸಿಡುಕು ತರುತ್ತವೆ, ಎರಡನ್ನೂ ಎಷ್ಟು ನಡೆದರೂ ಸರಿಪಡಿಸಲಾಗದು. ಮಾಡಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಿ.